ಬಲಗೈಯನ್ನಲ್ಲ, ಎಡಗೈಯನ್ನು ಗಮನಿಸಿ
ತೆರೆಯ ಮೇಲೆ ಸಿತಾರ್ ಹಿಡಿದ ನಟ ನುಡಿಸುವಂತೆ ನಟಿಸುತ್ತಿದ್ದಾನೆಂದು ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ಧಾರವಾಡದಲ್ಲಿ ಕೆಲವು ವರ್ಷ ಸಿತಾರ್ ಕಲಿತವನಾಗಿ ಹೇಳುವುದಾದರೆ, ಮಿಜ್ರಾಬ್ (ತಂತಿ ಮೀಟಲು ಬೆರಳಿಗೆ ತೊಡುವ ತಂತಿಯ ಉಂಗುರ) ತೊಟ್ಟ ಬಲಗೈಯ ಹೊಡೆತವನ್ನು ಲಯಕ್ಕೆ ಹೊಂದಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಕಿವಿಗೆ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಸಾಗುವ ನಾದ, ಕೇಳಿಸುತ್ತಿರುವಾಗ ಎಡಗೈ ಬೆರಳು ತಂತಿಯನ್ನು ಒಂದೇ ಪರ್ದಾದ (ಸ್ವರದ ಮೆಟ್ಟಿಲಿನ) ಮೇಲೆ ಅಡ್ಡಲಾಗಿ ಎಳೆಯುವ ಬದಲು ದಂಡಿಯ (ವಾದ್ಯದ ಉದ್ದನೆಯ ಕತ್ತಿನ) ಉದ್ದಕ್ಕೂ ಸುಮ್ಮನೆ ಜಾರುತ್ತಿದ್ದರೆ ಗುಟ್ಟು ಅಲ್ಲೇ ರಟ್ಟಾಗುತ್ತದೆ. ಇನ್ನು, ಕಲಿತವರ ಬೆರಳ ತುದಿಯಲ್ಲಿ ತಂತಿ ಕೊರೆದ ಕಪ್ಪು ಗೆರೆ ಇರುತ್ತದೆ. ನಟರ ಕೈಯ ಕ್ಲೋಸ್‌ಅಪ್ ಚಿತ್ರಿಕೆಗಳಲ್ಲಿ ಅದು ನನಗಂತೂ ಕಂಡಿಲ್ಲ.

ಊದುವ ವಾದ್ಯಗಳಲ್ಲಿ ಗಮನಿಸಬೇಕಾದ್ದು ಬೆರಳಿಗಿಂತ ಉಸಿರನ್ನೇ. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ಕೇಳುವ ಶಹನಾಯಿ ಬಿಸ್ಮಿಲ್ಲಾ ಖಾನರದು, ಆದರೂ ರಾಜ್‌ಕುಮಾರ್ ಅವರೇ ಊದುತ್ತಿದ್ದಾರೆಂದು ನಾನು ಬಹುಕಾಲ ನಂಬಿದ್ದೆ.