ಕೈಯಿಂದ ಫೋಟೋಬುಕ್ ಮಾಡೋದು ಕಲಿಯಲು ಮೂರು ದಿನ ಹಾಕೋದು ದಂಡವಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಅಮ್ಮನ ಊರಿನ ತೇರಿನ ಫೋಟೋಗಳು ನಿಮ್ಮ ಹತ್ತಿರ ನೂರಾರಿವೆ. ಆನ್‌ಲೈನ್‌ನಲ್ಲಿ ಹಾಕಿದರೆ ಕೆಲವೇ ದಿನದಲ್ಲಿ ಗಟ್ಟಿ ರಟ್ಟಿನ ಪುಸ್ತಕ ಮನೆಗೇ ಬರುತ್ತದೆ. ಹಾಗಿರುವಾಗ ಮೂರು ದಿನದ ಕಾರ್ಯಾಗಾರಕ್ಕೆ ರಜೆಯನ್ನೂ ದುಡ್ಡನ್ನೂ ಹಾಕಿ, ಕೈಯಲ್ಲೇ ಪುಸ್ತಕ ಹೊಲಿಯೋದು ಯಾಕೆ?

ಮನೆಗೆ ಬಂದವರಿಗೆ ತೋರಿಸಲು ಒಂದು ಆಲ್ಬಮ್ ಸಾಕು ಅಂದರೆ ಆನ್‌ಲೈನೇ ಸರಿ. ರಜೆ ಉಳಿಸಿಕೊಳ್ಳಿ. ಆದರೆ ಆ ಫೋಟೋಗಳಿಗೆ ಪುಸ್ತಕದ ಆಕಾರ ಯಾವುದಿರಬೇಕು ಅನ್ನೋ ಪ್ರಶ್ನೆ ನಿಮಗೆ ಒಮ್ಮೆಯಾದರೂ ಬಂದಿದ್ದರೆ ಹೋಗಿ. ಆನ್‌ಲೈನ್‌ನಲ್ಲಿ ಆಕಾರ ಮೊದಲೇ ನಿಗದಿಯಾಗಿರುತ್ತದೆ, ಫೋಟೋ ಅದರೊಳಗೆ ಕೂರಬೇಕು. ಕಾರ್ಯಾಗಾರದಲ್ಲಿ ಇದು ಉಲ್ಟಾ.

ನಾನು ಹೋಗಿದ್ದು ಬೆಂಗಳೂರಿನಲ್ಲಿ, ಎಂಟು ಜನರ ಒಂದು ಗುಂಪಿಗೆ. ಅಪ್ಪ ಅರಸೀಕೆರೆಯಲ್ಲಿ ಟೈಲರ್ ಆಗಿದ್ದರು. ಅಂಗಡಿ ಮುಚ್ಚುವ ವರ್ಷ ನಾನು ತೆಗೆದ ಫೋಟೋಗಳನ್ನು ಒಯ್ದಿದ್ದೆ. ಮೊದಲ ದಿನವೇ ಸೂಜಿ ದಾರ ಕೊಡುತ್ತಾರೆ ಅಂದುಕೊಂಡರೆ, ಕೊಟ್ಟಿದ್ದು ನಮ್ಮದೇ ಫೋಟೋಗಳ ಜೆರಾಕ್ಸ್. ನೆಲದ ಮೇಲೆ ಹರಡಿ ಅಂದರು. ಎಂಬತ್ತು ಹರಡಿದೆ. ಸಂಜೆ ಹೊತ್ತಿಗೆ ಉಳಿದದ್ದು ಇಪ್ಪತ್ತೆರಡು.

ನನ್ನ ಬ್ಯಾಗಿನಲ್ಲಿ ಅಪ್ಪನ ಅಳತೆ ಪುಸ್ತಕವೂ ಇತ್ತು. ಸುಮ್ನೆ ತಂದಿದ್ದೆ. ಕಿರಿದಾದ ಉದ್ದನೆ ಪುಸ್ತಕ, ಎದೆ ಸೊಂಟ ತೋಳು ಅಂತ ಸಾಲು ಸಾಲು ಅಂಕಿ, ಕೆಲವು ಪುಟಕ್ಕೆ ಬಟ್ಟೆಯ ತುಂಡು ಪಿನ್ ಮಾಡಿದ್ದು. ಕಲಿಸುವವರು ಅದನ್ನು ಕೈಗೆತ್ತಿಕೊಂಡು, "ನಿಮ್ಮ ಪುಸ್ತಕದ ಸೈಜು ಇದೇ ಅಲ್ವಾ?" ಅಂದರು. ಅಷ್ಟೇ. ಆ ಕಿರಿದಾದ ಪುಟಕ್ಕೆ ಹೊಂದಲಿಲ್ಲ ಅಂತ ನನಗೆ ಬಹಳ ಇಷ್ಟವಿದ್ದ ಒಂದು ಅಡ್ಡ ಫೋಟೋ ಕೈಬಿಟ್ಟೆ. ಆ ರಾತ್ರಿ ಸ್ವಲ್ಪ ಸಿಟ್ಟೂ ಬಂದಿತ್ತು.

ಫೋಟೋಬುಕ್ಕನ್ನು ಒಂದು ವಸ್ತುವಾಗಿ ನೋಡೋದು ಅಂದರೆ ಇದೇ. ಟೋಕಿಯೋದಲ್ಲಿ ರಿಮೈಂಡರ್ಸ್ ಫೋಟೋಗ್ರಫಿ ಸ್ಟ್ರಾಂಗ್‌ಹೋಲ್ಡ್ ಅನ್ನೋ ಜಾಗ ಇಂಥ ಕಾರ್ಯಾಗಾರಗಳಿಗೇ ಹೆಸರಾಗಿದೆ. ಕಜುಮಾ ಒಬಾರಾ ಅನ್ನುವ ಛಾಯಾಗ್ರಾಹಕ ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಮಕ್ಕಳಾಗಿದ್ದಾಗಲೇ ಗಾಯಗೊಂಡು ಬದುಕಿದವರ ಬಗ್ಗೆ 2014ರಲ್ಲಿ ಮಾಡಿದ ಪುಸ್ತಕ ಮೊದಲು ಬಂದದ್ದು ಬರೀ 45 ಪ್ರತಿ, ಎಲ್ಲವೂ ಕೈಯಲ್ಲಿ ಮಾಡಿದ್ದು. ಹಾಗೆ ಬದುಕಿದವರ ಹಳೇ ಫೋಟೋಗಳ ನಕಲುಗಳನ್ನು ಪುಟಗಳ ನಡುವೆ ಸೇರಿಸಿದ್ದರು. ಓದುವವರು ಅದನ್ನು ಬೆರಳಲ್ಲಿ ಎತ್ತಿ ನೋಡಬೇಕು. ಇನ್ನೂ ಹಿಂದಕ್ಕೆ ಹೋದರೆ, ಫೋಟೋ ಇರುವ ಮೊದಲ ಪುಸ್ತಕ ಅಂತ ಸಾಮಾನ್ಯವಾಗಿ ಹೇಳುವುದೇ ಕೈಕೆಲಸ. ಇಂಗ್ಲೆಂಡಿನ ಅನ್ನಾ ಅಟ್ಕಿನ್ಸ್ 1843ರಲ್ಲಿ ಶುರು ಮಾಡಿದ್ದು, ಕಡಲ ಪಾಚಿಯನ್ನು ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಿ ತೆಗೆದ ನೀಲಿ ಮುದ್ರೆಗಳು.

ಈಗ ಯಾರೂ ಮೊದಲೇ ಹೇಳದ ಒಂದು ವಿಷಯ: ಕಾಗದಕ್ಕೆ ಎಳೆ ಇರುತ್ತದೆ. ಮಿಲ್ಲಿನಲ್ಲಿ ತಯಾರಾಗುವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಆ ದಿಕ್ಕಿಗೆ ಮಡಚಿದರೆ ಕಾಗದ ಮಾತು ಕೇಳುತ್ತದೆ. ಅಡ್ಡ ಮಡಚಿದರೆ ಮಡಿಕೆ ಒರಟಾಗಿ ಒಡೆಯುತ್ತದೆ, ಪುಟ ನೆಟ್ಟಗೆ ಕೂರೋದಿಲ್ಲ. ಪುಸ್ತಕದ ಬೆನ್ನು ಯಾವ ಕಡೆಗಿದೆಯೋ ಎಳೆಯೂ ಆ ಕಡೆಗೇ ಇರಬೇಕು, ಕಾಗದಕ್ಕೂ ರಟ್ಟಿಗೂ. ನಮಗೆ ಸಿಗುವ ಎ4 ಹಾಳೆಗಳಲ್ಲಿ ಸಾಮಾನ್ಯವಾಗಿ ಎಳೆ ಉದ್ದಕ್ಕೆ ಇರುತ್ತದೆ. ಅದನ್ನು ನಡುವೆ ಮಡಚಿ ಪುಸ್ತಕ ಮಾಡಿದರೆ ಮಡಿಕೆ ಅಡ್ಡ ಎಳೆಗೆ ಬಂತು ಅಂತ ಲೆಕ್ಕ. ಎಳೆ ಉದ್ದಕ್ಕಿರುವ ಎ3 ತಂದು ಎರಡಾಗಿ ಕತ್ತರಿಸಿ ಮಡಚಿ, ಸರಿಹೋಗುತ್ತದೆ. ಗೊತ್ತಾಗದಿದ್ದರೆ ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಅಲ್ಲಿ ಬಾಗಿನ ಉದ್ದಕ್ಕೇ ಎಳೆ ಇದೆ.

ನಾನಿದನ್ನು ಕೇಳಿಸಿಕೊಂಡೂ ರಟ್ಟನ್ನು ಅಡ್ಡ ಕತ್ತರಿಸಿದ್ದೆ. ತುಂಡು ಉಳಿಸುವ ಆಸೆ. ಅಂಟು ಒಣಗಿದ ಮೇಲೆ ರಟ್ಟು ಹಪ್ಪಳದ ಹಾಗೆ ಬಗ್ಗಿತು. ಅಪ್ಪನಿಗೆ ಫೋನಿನಲ್ಲಿ ಹೇಳಿದರೆ ನಕ್ಕುಬಿಟ್ಟರು. "ಎಳೆ ನೋಡ್ದೆ ಕತ್ತರಿ ಹಾಕಿದ್ಯೇನೋ? ಪ್ಯಾಂಟೂ ಹಂಗೇ ಕಣೋ, ಒಂದು ಸಲ ಒಗೆದ್ರೆ ಕಾಲು ತಿರುಚ್ಕೊಳ್ಳತ್ತೆ." ದಾರಕ್ಕೆ ಜೇನುಮೇಣ ಸವರಿ ಎಳೆಯೋದನ್ನು ಕಾರ್ಯಾಗಾರದಲ್ಲಿ ದೊಡ್ಡ ಗುಟ್ಟಿನ ಹಾಗೆ ಕಲಿಸಿದರು. ಅಪ್ಪ ಗುಂಡಿ ಹೊಲಿಯುವಾಗ ದಿನಾ ಅದನ್ನೇ ಮಾಡುತ್ತಿದ್ದರು.

ಹೊಲಿಗೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ಎಚ್ಚರ ಸಾಕು. ಅಂಚಿನಲ್ಲಿ ನಾಲ್ಕು ತೂತು ಹಾಕಿ ಹೊಲಿಯುವ ಜಪಾನಿ ಹೊಲಿಗೆ ನೋಡಲು ಚೆಂದ, ಕಲಿಯಲೂ ಸುಲಭ. ಆದರೆ ಪುಸ್ತಕ ಪೂರ್ತಿ ತೆರೆಯೋದಿಲ್ಲ. ಎರಡು ಪುಟಕ್ಕೆ ಹರಡಿದ ಫೋಟೋ ಇದ್ದರೆ ನಡುಭಾಗವನ್ನು ಬೆನ್ನು ನುಂಗಿಬಿಡುತ್ತದೆ. ಮಡಚಿದ ಹಾಳೆಗಳ ಕಟ್ಟುಗಳನ್ನು ಬೆನ್ನಿನಲ್ಲಿ ಸರಪಣಿಯ ಹಾಗೆ ಪೋಣಿಸುವ ಕಾಪ್ಟಿಕ್ ಹೊಲಿಗೆಯಾದರೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ.

ನಿಮ್ಮದು ತೇರಿನ ಫೋಟೋಗಳಲ್ವಾ? ನಾನಾಗಿದ್ದರೆ ಹೊಲಿಗೆಯನ್ನೇ ಬಿಟ್ಟು ಮಡಿಕೆ ಪುಸ್ತಕ ಮಾಡುತ್ತಿದ್ದೆ. ನಮ್ಮ ಕಡತದ ಹಾಗೆ. ಇವತ್ತು ಕಡತ ಅಂದರೆ ಸರ್ಕಾರಿ ಆಫೀಸಿನ ಫೈಲು. ಮೊದಲು ಅದು ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಸವರಿ ಒಣಗಿಸಿ, ಹಿಂದೆ ಮುಂದೆ ಮಡಚಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಹಳೇ ಲೆಕ್ಕಪತ್ರಗಳು ಅಂಥ ಕಡತಗಳಲ್ಲಿವೆ. ಛಾಯಾಗ್ರಾಹಕಿ ದಯಾನಿತಾ ಸಿಂಗ್ ಕೂಡ ಗೆಳೆಯರಿಗೋಸ್ಕರ ಇಂಥ ಪುಟ್ಟ ಮಡಿಕೆ ಪುಸ್ತಕಗಳನ್ನು ಕೈಯಲ್ಲೇ ಮಾಡುತ್ತಿದ್ದರು. 2008ರಲ್ಲಿ ಅವೇ ಏಳು ಪುಸ್ತಕಗಳ ಒಂದು ಪೆಟ್ಟಿಗೆಯಾಗಿ ಅಚ್ಚಾದವು. ಮಡಿಕೆ ಪುಸ್ತಕವನ್ನು ಒಂದೊಂದೇ ಪುಟ ತಿರುಗಿಸಬಹುದು, ಪೂರ್ತಿ ಎಳೆದು ಜಗಲಿ ಉದ್ದಕ್ಕೂ ನಿಲ್ಲಿಸಲೂಬಹುದು. ತೇರು ಹೊರಟ ಕಡೆಯಿಂದ ನಿಂತ ಕಡೆಯವರೆಗೆ ಬೀದಿಯೇ ಎದುರಿಗಿರುತ್ತದೆ.

ಮಡಚುವಾಗ ಮಾತ್ರ ಒಂದು ಕಡೆಯಿಂದ ಅಳೆದುಕೊಂಡು ಹೋಗಬೇಡಿ. ಪ್ರತಿ ಮಡಿಕೆಗೆ ಒಂದು ಮಿಲಿಮೀಟರ್ ತಪ್ಪಿದರೂ ಹದಿನಾರನೇ ಪುಟಕ್ಕೆ ಬರುವಾಗ ಒಂದೂವರೆ ಸೆಂಟಿಮೀಟರ್ ಸೊಟ್ಟ. ಮೊದಲು ಅರ್ಧಕ್ಕೆ ಮಡಚಿ, ಆಮೇಲೆ ಅರ್ಧದ ಅರ್ಧ, ಹೀಗೆ ಹೋಗಿ. ಮಡಿಕೆ ತೀಡಲು ಬೋನ್ ಫೋಲ್ಡರ್ ಇಲ್ಲದಿದ್ದರೆ ಸ್ಟೀಲ್ ಚಮಚದ ಬೆನ್ನು ಸಾಕು. ಹೊಳಪಿನ ಫೋಟೋ ಕಾಗದ ಬೇಡ, ಮಡಚಿದ ಕಡೆ ಬಣ್ಣ ಬಿರಿದು ಬಿಳಿ ಗೆರೆ ಕಾಣುತ್ತದೆ. ರಟ್ಟಿಗೆ ಹೊರಗಿನಿಂದ ಬಟ್ಟೆ ಅಂಟಿಸಿದ ಮೇಲೆ ಒಳಗಿನಿಂದಲೂ ಕಾಗದ ಅಂಟಿಸಿ, ರಾತ್ರಿಯಿಡೀ ಭಾರ ಹೇರಿಡಿ. ನಮ್ಮನೆಯಲ್ಲಿ ಆ ಕೆಲಸ ರುಬ್ಬುಗುಂಡಿನದು.

ಫೀಸ್ ಕಟ್ಟುವ ಮೊದಲು ಒಂದು ಮಾತು ಕೇಳಿ: ಎಷ್ಟು ಹೊತ್ತು ಹೊಲಿಗೆ ಕಲಿಸುತ್ತೀರಿ, ಎಷ್ಟು ಹೊತ್ತು ಫೋಟೋ ಜೋಡಿಸಲು ಕೊಡುತ್ತೀರಿ? ಮೂರು ದಿನವೂ ಬರೀ ಹೊಲಿಗೆ ಅಂದರೆ ಬೇಡ, ಅದನ್ನು ವಿಡಿಯೋ ನೋಡಿಯೂ ಕಲಿಯಬಹುದು. ಈ ಭಾನುವಾರ ಒಂದು ಐವತ್ತು ಫೋಟೋ ಜೆರಾಕ್ಸ್ ಮಾಡಿಸಿ ನೆಲದ ಮೇಲೆ ಹರಡಿ. ಅಮ್ಮನನ್ನೂ ಕರೆದು ಕೂರಿಸಿಕೊಳ್ಳಿ. ತೇರು ಯಾವ ಮನೆ ಮುಂದೆ ತಿರುಗುತ್ತದೆ ಅಂತ ಅವರಿಗೇ ಗೊತ್ತಿರೋದು.