ಟೇಬಲ್ ಸಾಗೆ ಡ್ಯಾಡೋ ಬ್ಲೇಡ್ ಸೆಟ್ ಆರಿಸುವಾಗ ಏನು ನೋಡಬೇಕು?

ತುಮಕೂರಿನ ನಿಮ್ಮ ಶೆಡ್‌ನಲ್ಲಿರುವುದು 10 ಇಂಚಿನ ಟೇಬಲ್ ಸಾ (ಮೇಜಿನ ಸೀಳಿನಿಂದ ದುಂಡು ಬ್ಲೇಡ್ ಮೇಲೆ ಬರುವ ಗರಗಸದ ಮಷಿನ್), ಮಾಡಬೇಕಿರುವುದು ಶೆಲ್ಫ್ ಕೂರುವ ಗ್ರೂವ್, ಅಂದರೆ ಹಲಗೆಯಲ್ಲಿ ಕೊರೆಯುವ ಅಗಲವಾದ ಕಾಲುವೆ, ಅಂದಿದ್ದೀರಿ. ಇದಕ್ಕೇ ಡ್ಯಾಡೋ ಅನ್ನುತ್ತಾರೆ. ಹಾಗಾದರೆ 8 ಇಂಚಿನ ಸ್ಟ್ಯಾಕ್ ಸೆಟ್, ಅಂದರೆ ಒಟ್ಟಿಗೆ ಜೋಡಿಸುವ ಬ್ಲೇಡುಗಳ ಸೆಟ್, ಸಾಕು. ಆದರೆ ದುಡ್ಡು ಕೊಡುವ ಮೊದಲು ಬ್ಲೇಡ್ ಕೂರುವ ಶಾಫ್ಟ್ ಅಳೆಯಿರಿ. ಬ್ಲೇಡುಗಳನ್ನು ಜೋಡಿಸಿದ ಮೇಲೂ ನಟ್ ಪೂರ್ತಿ ಥ್ರೆಡ್ ಮೇಲೆ ಕೂರಬೇಕು. ಎಷ್ಟೋ ಸಣ್ಣ ಮಷಿನ್‌ಗಳಲ್ಲಿ ಶಾಫ್ಟ್ ಗಿಡ್ಡ, ಕೂರೋದೇ ಇಲ್ಲ. ಬ್ಲೇಡಿನ ನಡುವಿನ ತೂತೂ ಶಾಫ್ಟ್‌ಗೆ ಸರಿಯಾಗಿ ಹೊಂದಬೇಕು. ಕಂಪನಿಯ ಮ್ಯಾನ್ಯುಯಲ್ ಡ್ಯಾಡೋ ಬೇಡ ಅಂದರೆ ಬೇಡ.

ಸ್ಟ್ಯಾಕ್ ಸೆಟ್ ಅಂದರೆ ಹೊರಗೆ ಎರಡು ಬ್ಲೇಡು, ನಡುವೆ ಚಿಪ್ಪರ್ ಎನ್ನುವ ಕೆಲವೇ ಹಲ್ಲಿನ ಬ್ಲೇಡುಗಳು. ಎಲ್ಲವೂ ನೇರವಾಗಿ ತಿರುಗುವುದರಿಂದ ಗ್ರೂವಿನ ತಳ ಚಪ್ಪಟೆ ಬರುತ್ತದೆ. ಇನ್ನೊಂದು ಬಗೆ, ವಾಬಲ್ ಬ್ಲೇಡ್, ಅಗ್ಗ. ಅದು ಒಂದೇ ಬ್ಲೇಡು, ಓರೆಯಾಗಿ ಓಲಾಡುತ್ತಾ ತಿರುಗುತ್ತದೆ. ಹಾಗಾಗಿ ತಳ ಸ್ವಲ್ಪ ಬಾಗುತ್ತದೆ, ಪ್ಲೈವುಡ್ ಅಂಚೂ ಜಾಸ್ತಿ ಸೀಳುತ್ತದೆ. ಕಡಿಮೆ ಬೆಲೆ ಅಂತ ಅದಕ್ಕೆ ಹೋಗಬೇಡಿ.

ಸೆಟ್ ಜೊತೆ ಶಿಮ್, ಅಂದರೆ ನಡುವೆ ಹಾಕುವ ತೆಳು ಬಿಲ್ಲೆಗಳು ಇರಲೇಬೇಕು. ಅಂಗಡಿಯವರು '18 ಎಂಎಂ' ಅಂತ ಕೊಡುವ ಪ್ಲೈವುಡ್ ಅಳೆದರೆ ಸರಿಯಾಗಿ 18 ಇರುವುದು ಅಪರೂಪ, ಅಲ್ವಾ? ಆ ಕೂದಲೆಳೆಯಷ್ಟು ವ್ಯತ್ಯಾಸ ಸರಿಪಡಿಸೋದು ಶಿಮ್ಮೇ. ಮೊದಲು ವೇಸ್ಟ್ ತುಂಡಿನಲ್ಲಿ ಕೊರೆದು, ಶೆಲ್ಫ್ ಕೂರಿಸಿ ನೋಡಿ. ಅಗಲವಾದ ಬಾಯಿ ಇರುವ ಇನ್ಸರ್ಟ್ ಪ್ಲೇಟೂ (ಮೇಜಿನಲ್ಲಿ ಬ್ಲೇಡಿನ ಸುತ್ತ ಕೂರುವ ತಟ್ಟೆ) ಬೇಕು, ಹಳೆಯದರಲ್ಲಿ ಈ ಸೆಟ್ ತೂರುವುದಿಲ್ಲ.

ಶಾಫ್ಟ್ ಗಿಡ್ಡ ಇದ್ದರೆ ಸುಮ್ನೆ ಹೆಣಗಬೇಡಿ. ರೂಟರ್‌ಗೆ (ಮರ ಕೊರೆಯುವ ಕೈ ಮಷಿನ್) ನೇರ ಬಿಟ್ ಹಾಕಿ, ಅದು ನೇರ ಸಾಗುವಂತೆ ಪಕ್ಕಕ್ಕೆ ಪಟ್ಟಿ ಕಟ್ಟಿ, ಎರಡು ಮೂರು ಸಲಕ್ಕೆ ಆಳ ಇಳಿಸಿ.