ಪಣಜಿಯ ಪತ್ರಾಗಾರದಲ್ಲಿ ಸೋದೆಯ ಕಾಗದಗಳು

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಶಿಕ್ಷಕ, ಯಾವ ವಿಶ್ವವಿದ್ಯಾಲಯಕ್ಕೂ ಸೇರಿದವನಲ್ಲ. ಸೋದೆ ಅರಸರ ದಾಖಲೆಗಳನ್ನು ಗೋವಾದ ಪತ್ರಾಗಾರದಲ್ಲಿ ನೋಡಲು ನನ್ನಂಥವರಿಗೆ ಅವಕಾಶವಿದೆಯೇ?
— ಓರ್ವ ಓದುಗ, ವಾಸ್ಕೋ

ಉತ್ತರ: ವಿಶ್ವವಿದ್ಯಾಲಯದ ನಂಟಿಲ್ಲವೆಂದು ತಾವು ಹಿಂಜರಿಯಬೇಕಾಗಿಲ್ಲ. ಸರ್ಕಾರಿ ಪತ್ರಾಗಾರಗಳಲ್ಲಿ ಸಾಮಾನ್ಯವಾಗಿ ಕೇಳುವುದು ಗುರುತಿನ ಚೀಟಿ, ಅಧ್ಯಯನದ ಉದ್ದೇಶವನ್ನು ವಿವರಿಸುವ ಅರ್ಜಿ ಮತ್ತು ಸಾಧ್ಯವಾದರೆ ಒಂದು ಪರಿಚಯ ಪತ್ರ; ಈ ಪತ್ರವನ್ನು ಸ್ಥಳೀಯ ಕಾಲೇಜಿನ ಪ್ರಾಂಶುಪಾಲರಿಂದ ಪಡೆದರೆ ಕೆಲಸ ಸುಗಮವಾಗುತ್ತದೆ. ಅರ್ಜಿಯಲ್ಲಿ ‘ಸೋದೆಯ ಇತಿಹಾಸ’ ಎಂದಷ್ಟೇ ಬರೆಯದೆ, ಬೇಕಾದ ಕಾಲಾವಧಿಯನ್ನೂ ವಿಷಯವನ್ನೂ ನಿರ್ದಿಷ್ಟವಾಗಿ ನಮೂದಿಸಿ.

1595ರಲ್ಲಿ ಸ್ಥಾಪನೆಗೊಂಡು, ಚರಿತ್ರಕಾರ ದಿಯೋಗೊ ದೊ ಕೌತೊ ಮೊದಲ ಪಾಲಕರಾಗಿದ್ದ ಗೋವಾ ಪತ್ರಾಗಾರದ ಸಂಗ್ರಹದಲ್ಲಿ, ಪೋರ್ಚುಗೀಸ್ ಆಡಳಿತವು ನೆರೆಯ ಅರಸರೊಡನೆ ನಡೆಸಿದ ಪತ್ರವ್ಯವಹಾರದ ‘ರೇಯ್ಸ್ ವಿಜಿನ್ಯೋಸ್’ ಸಂಪುಟಗಳಿವೆ. ಹೈದರಾಲಿಯ ಆಕ್ರಮಣದ ಬಳಿಕ ಸೋದೆಯ ಅರಸರು ಗೋವೆಯಲ್ಲೇ ಆಶ್ರಯ ಪಡೆದದ್ದರಿಂದ, ತಾವು ಹುಡುಕಾಟವನ್ನು ಇಲ್ಲಿಂದಲೇ ಆರಂಭಿಸುವುದು ಲೇಸು. ಬಹುಪಾಲು ದಾಖಲೆಗಳು ಹಳೆಯ ಪೋರ್ಚುಗೀಸ್ ಕೈಬರಹದಲ್ಲಿವೆ. ನಿಜವಾದ ತಡೆ ನಿಯಮಗಳಿಗಿಂತ ಇದೇ ಎಂಬುದು ನಮ್ಮ ಅಭಿಪ್ರಾಯ. ಆದ್ದರಿಂದ ಆ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುವುದಾದರೆ, ಅವರ ಹೆಸರಿನಲ್ಲೂ ಅರ್ಜಿ ಸಲ್ಲಿಸಿ.

ವಾಚನಾಲಯದಲ್ಲಿ ಶಾಯಿಯ ಬದಲು ಪೆನ್ಸಿಲ್ ಬಳಸಿ. ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯುವಂತಿಲ್ಲ, ಪ್ರತಿಗಳಿಗೆ ಶುಲ್ಕವಿರಬಹುದು. ತೀರ ಜೀರ್ಣವಾದ ಕಟ್ಟುಗಳನ್ನು ಕೊಡಲು ಸಿಬ್ಬಂದಿ ನಿರಾಕರಿಸಿದರೆ ಬೇಸರಿಸದೆ, ಮೈಕ್ರೋಫಿಲ್ಮ್ ಅಥವಾ ಡಿಜಿಟಲ್ ಪ್ರತಿ ಇದೆಯೇ ಎಂದು ವಿಚಾರಿಸಿ. ಹೊರಡುವ ಮುನ್ನ ರಜಾದಿನಗಳನ್ನು ದೂರವಾಣಿಯಲ್ಲಿ ಕೇಳಿಕೊಳ್ಳಿ.